ಹಾಫ್‌ಟೈಮಿನ ಸಾಲು

ಹೋದ ವಾರ ಹೇವರ್ಡಿನ ಸಿನಿಮಾ ಥಿಯೇಟರಿನ ಬಾಗಿಲು ದಾಟುತ್ತಿದ್ದಂತೆ ಬಿಸಿ ಮಾಡಿದ ಹಳದಿ ಚೀಸಿನ ವಾಸನೆ ಮೂಗಿಗೆ ಬಡಿಯಿತು. ನ್ಯಾಚೋಸ್ ಎಂಬ ಜೋಳದ ಚಿಪ್ಸಿನ ಮೇಲೆ ಸುರಿಯುತ್ತಾರಲ್ಲ, ಆ ಚೀಸು. ನನ್ನ ಗಂಡ ಆನಂದ, "ತಗೊಳ್ಳೋಣೇನು?" ಎಂದು ಕೇಳಿದರು. ಅವರ ತಪ್ಪೇನೂ ಇರಲಿಲ್ಲ. ಆದರೂ ನಾಲ್ಕು ಜನ ತಿರುಗಿ ನೋಡುವಂತೆ ನಾನು ಅವರ ಮೇಲೆ ಹರಿಹಾಯ್ದೆ. ಸಿನಿಮಾ ಶುರುವಾದ ಮೇಲೂ ಸಿಟ್ಟು ಇಳಿಯಲಿಲ್ಲ. ಪರದೆಯ ಮೇಲೆ ಯಾರು ಯಾರನ್ನು ಪ್ರೀತಿಸಿದರೋ, ಯಾರು ಸತ್ತರೋ ಒಂದೂ ತಲೆಗೆ ಹೋಗಲಿಲ್ಲ. ಮಗಳ ಕಾಲೇಜಿನ ಕೊನೆಯ ವರ್ಷದ ಆ ಫುಟ್‌ಬಾಲ್ ಸೀಸನ್ನೇ ಕಣ್ಣ ಮುಂದೆ ಓಡುತ್ತಿತ್ತು. ಒಮ್ಮೆ ಬರೆದು ಮುಗಿಸಿದರೆ ಒಳಗಿನ ಉರಿ ತಣಿದೀತೆಂದು ಬರೆಯುತ್ತಿದ್ದೇನೆ. ತಣಿಯದಿದ್ದರೂ ನನಗೇನೂ ಬೇಸರವಿಲ್ಲ. ಇದು ನ್ಯಾಯವಾದ ಸಿಟ್ಟು.

ನನ್ನ ಮಗಳು ಮೇಘನಾ ಟ್ರಂಪೆಟ್ ಊದುತ್ತಾಳೆ. ಯೂನಿವರ್ಸಿಟಿಯ ಬ್ಯಾಂಡಿನಲ್ಲಿ ನಾಲ್ಕು ವರ್ಷ ಇದ್ದಳು. ಯಾವ ಯೂನಿವರ್ಸಿಟಿ ಎಂದು ಹೇಳುವುದಿಲ್ಲ. ಎಷ್ಟಾದರೂ ಅವಳು ಡಿಗ್ರಿ ತಂದ ಜಾಗ. ಇಲ್ಲಿಯವರಿಗೆ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟ. ಆಟ ಅರ್ಧ ಮುಗಿದಾಗ ವಿರಾಮ, ಅದೇ ಹಾಫ್‌ಟೈಮ್. ಆಟಗಾರರು ಒಳಗೆ ಹೋಗುತ್ತಾರೆ, ಬ್ಯಾಂಡಿನವರು ಮೈದಾನಕ್ಕೆ ಇಳಿಯುತ್ತಾರೆ. ನುಡಿಸುತ್ತಲೇ ನಡೆದು, ತಿರುಗಿ, ಸಾಲು ಕಟ್ಟಿ, ಸಾಲು ಬಿಚ್ಚಿ ಹುಲ್ಲಿನ ಮೇಲೆ ಚಿತ್ರ ಬರೆಯುತ್ತಾರೆ. ಮೊದಲ ಮೂರು ವರ್ಷ ಶನಿವಾರಗಳಂದು ನಾನು ಹೇವರ್ಡಿನ ಗೋದಾಮಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಹೋಗಬೇಕಾಗಿತ್ತು. ಆಟಗಳೆಲ್ಲ ಶನಿವಾರವೇ. ನಾಲ್ಕನೆಯ ವರ್ಷ ಕೊನೆಗೂ ಶನಿವಾರ ರಜೆ ಸಿಕ್ಕಿತು. ಒಂದೇ ಒಂದು ಸಲ, ಆ ದೊಡ್ಡ ಮೈದಾನದ ನಡುವೆ ನಿಂತು ನನ್ನ ಮಗಳು ಊದುವುದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ. ಬೇರೇನೂ ಬೇಕಿರಲಿಲ್ಲ.

ಹಾಗಿದ್ದರೆ ಟಿಕೆಟ್ ತೆಗೆದುಕೊಂಡು ಆನಂದರ ಪಕ್ಕದಲ್ಲಿ ಕೂರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೂರಬಹುದಿತ್ತು. ಆದರೆ ನಮ್ಮ ಭಾನುವಾರದ ಕನ್ನಡ ಶಾಲೆಗೆ ಆ ಬೇಸಿಗೆಯಲ್ಲಿ ಬಾಡಿಗೆಯ ಕಂಟಕ ಬಂದಿತ್ತು. ಮೇಘನಾ ಅ ಆ ಇ ಈ ತಿದ್ದಿದ್ದು ಅದೇ ಶಾಲೆಯಲ್ಲಿ. ಅದನ್ನು ನಡೆಸುವವರು ಗುರುರಾಜ್, ಬೆಂಗಳೂರಿನ ಇಂಜಿನಿಯರು, ಒಳ್ಳೆಯ ಮನುಷ್ಯ, ಆದರೆ ನಿಯಮ ಅಂದರೆ ಪ್ರಾಣ ಬಿಡುವ ಜಾತಿ. ಇಲ್ಲಿಯ ಸ್ಟೇಡಿಯಮ್ಮುಗಳಲ್ಲಿ ಒಂದು ಪದ್ಧತಿ ಇದೆ. ತಿಂಡಿ ಕೌಂಟರುಗಳಲ್ಲಿ ನಿಂತು ಮಾರುವವರಲ್ಲಿ ಎಷ್ಟೋ ಜನ ಸಂಬಳದವರಲ್ಲ; ಚರ್ಚಿನವರು, ಶಾಲೆಯವರು, ಸಂಘದವರು. ಆ ದಿನ ದುಡಿದರೆ ಅವರ ಸಂಸ್ಥೆಗೆ ಒಂದು ಪಾಲು. ಗುರುರಾಜ್ ಎಲ್ಲಿಂದಲೋ ಮೇಘನಾಳ ಯೂನಿವರ್ಸಿಟಿಯ ಸ್ಟೇಡಿಯಮ್ಮಿನಲ್ಲೇ ಒಂದು ಕೌಂಟರು ಹಿಡಿದುಕೊಂಡು ಬಂದರು.

"ಮೇಡಂ, ನಿಮ್ಗಂತೂ ಡಬಲ್ ಬೆನಿಫಿಟ್ಟು," ಎಂದರು. "ಸ್ಕೂಲಿಗೆ ಹೆಲ್ಪೂ ಆಯ್ತು, ಮಗಳ್ನ ನೋಡಿದ ಹಾಗೂ ಆಯ್ತು."

ಕುಣಿದುಕೊಂಡು ಒಪ್ಪಿದೆ. ಆಟ ನೋಡಲು ಬಂದವರು ಆಟ ನಿಂತಾಗ ತಿನ್ನಲು ಏಳುತ್ತಾರೆ ಎಂಬ ಸಣ್ಣ ವಿಷಯ ನನ್ನ ತಲೆಗಾಗಲೀ, ಅಷ್ಟೊಂದು ಓದಿದ ಗುರುರಾಜರ ತಲೆಗಾಗಲೀ ಹೊಳೆಯಲಿಲ್ಲ. ಬ್ಯಾಂಡು ಮೈದಾನಕ್ಕೆ ಇಳಿಯುವ ಗಳಿಗೆಯೂ ಇಡೀ ಊರು ನಮ್ಮ ಕೌಂಟರಿನ ಮುಂದೆ ಬಂದು ನಿಲ್ಲುವ ಗಳಿಗೆಯೂ ಒಂದೇ.

ಸೆಪ್ಟೆಂಬರಿನ ಮೊದಲ ಆಟದ ದಿನ ಬಿಸಿಲು ನಮ್ಮ ಹುಬ್ಬಳ್ಳಿಯ ಏಪ್ರಿಲ್ ತಿಂಗಳಂತೆ ಸುಡುತ್ತಿತ್ತು. ನಮ್ಮ ಕೌಂಟರು ಗ್ಯಾಲರಿಯ ಕೆಳಗಿನ ಕಾಂಕ್ರೀಟಿನ ಗುಹೆಯಲ್ಲಿ. ಮೈದಾನ ಕಾಣುವುದಿಲ್ಲ, ಗಾಳಿ ಬರುವುದಿಲ್ಲ. ತಲೆಯ ಮೇಲೆ ಜನ ಕಾಲು ಬಡಿಯುವ ಸದ್ದು ಮಾತ್ರ. ಆರು ಕಿಟಕಿಗಳಿದ್ದವು. ತೆರೆದದ್ದು ಎರಡು. ಉಳಿದ ನಾಲ್ಕಕ್ಕೆ ಕಾರ್ಡಿನಿಂದ ದುಡ್ಡು ಪಡೆಯುವ ಟ್ಯಾಬ್ಲೆಟ್ ಕೊಟ್ಟಿಲ್ಲ ಎಂದು ಉತ್ತರ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೊರಗೆ ಮಾತ್ರ ಬಸ್ಸಿನಷ್ಟು ಉದ್ದದ ಟಿವಿ ಪರದೆಗಳು, ಬಣ್ಣಬಣ್ಣದ ದೀಪಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ತಿಂಡಿ ಗುತ್ತಿಗೆ ಹಿಡಿದ ಕಂಪನಿಯ ಮೇಲ್ವಿಚಾರಕ ಟಾಡ್. ಕೊರಳಿಗೆ ಬೀಗದ ಕೈ ಗೊಂಚಲು, ಮುಖಕ್ಕೆ ಯಾವಾಗಲೂ ಒಂದೇ ನಗು. ಅವನ ಮುಖ್ಯ ನಿಯಮ: ಯಾವುದನ್ನೂ ಮೊದಲೇ ಸಿದ್ಧಮಾಡಿ ಇಡಬಾರದು. ಗಿರಾಕಿ ಬರಬೇಕು, ಕೇಳಬೇಕು, ಕಾರ್ಡು ತೋರಿಸಬೇಕು, ಟ್ಯಾಬ್ಲೆಟ್ ಅವನನ್ನು ಟಿಪ್ಸ್ ಎಷ್ಟು ಎಂದು ಕೇಳಬೇಕು, ಅವನು ನಾಚಿಕೊಂಡು ಒತ್ತಬೇಕು, ರಸೀದಿ ಬೇಕೇ ಎಂದು ಅದು ಇನ್ನೊಮ್ಮೆ ಕೇಳಬೇಕು. ಇದೆಲ್ಲ ಮುಗಿದ ಮೇಲೆ, ಕಿಟಕಿಯಲ್ಲಿ ನಿಂತ ನಾವೇ ಹಿಂದೆ ತಿರುಗಿ, ಹಿಂದಿನ ಗೋಡೆಯವರೆಗೆ ನಡೆದು, ಚಿಪ್ಸು ತುಂಬಿ, ಚೀಸು ಒತ್ತಿ, ಲೋಟಕ್ಕೆ ಐಸು ಹಾಕಿ, ನೀರು ಹಿಡಿದು ತರಬೇಕು. ನಮ್ಮ ಉಳಿದ ಆರು ಜನ ಡಬ್ಬ ಹೊರಬಹುದು, ನೆಲ ಒರೆಸಬಹುದು, ತಿಂಡಿ ಮಾತ್ರ ಮುಟ್ಟುವಂತಿಲ್ಲ. ಮೊದಲೇ ಮಾಡಿಟ್ಟದ್ದು ಉಳಿದರೆ ನಷ್ಟದ ಪಟ್ಟಿಗೆ ಸೇರುತ್ತದಂತೆ. ಬಿಸಿಲಲ್ಲಿ ಜನ ನಿಂತು ಒಣಗಿದರೆ ಅದು ಯಾವ ಪಟ್ಟಿಗೂ ಸೇರುವುದಿಲ್ಲ.

ಅಂದು ಸಾಲು ಕಂಬ ಸುತ್ತಿ, ಬಾತ್‌ರೂಮಿನ ಸಾಲಿಗೆ ಸೇರಿ, ಯಾರು ಯಾವುದಕ್ಕೆ ನಿಂತಿದ್ದಾರೆ ಎಂದು ಅವರಿಗೇ ತಿಳಿಯದ ಹಾಗೆ ಆಯಿತು. ಬರೀ ಒಂದು ಬಾಟಲಿ ನೀರಿಗಾಗಿ ಬಂದ ಅಜ್ಜ ಕಿಟಕಿ ತಲುಪುವಷ್ಟರಲ್ಲಿ ಮುಖ ಟೊಮೇಟೊ ಹಣ್ಣಾಗಿತ್ತು. "ನಾನು ಈ ತಂಡವನ್ನು ಕಾಲೇಜು ಹುಡುಗನಾಗಿದ್ದಾಗಿನಿಂದ ನೋಡುತ್ತಿದ್ದೇನೆ. ಇಂದು ನಿಮ್ಮ ಬೆನ್ನು ನೋಡಿದೆ," ಎಂದ. ನೀರಿನ ಬಾಟಲಿ ನನ್ನ ಕಾಲ ಬುಡದಲ್ಲೇ ಡಬ್ಬಗಟ್ಟಲೆ ಇತ್ತು. ಅಷ್ಟರಲ್ಲಿ ತಲೆಯ ಮೇಲೆ ಡ್ರಮ್ಮು ಮೊಳಗಿತು, ಟ್ರಂಪೆಟ್ಟುಗಳು ಎದ್ದವು. ಮೇಘನಾ ಅಲ್ಲಿ ಎಲ್ಲೋ ಇದ್ದಳು. ನಾನು ಚೀಸಿನ ಯಂತ್ರದ ಗುಂಡಿ ಒತ್ತುತ್ತಿದ್ದೆ.

ಪಕ್ಕದ ಕಿಟಕಿಯಲ್ಲಿ ನಜ್ಮಾ ಇದ್ದಳು. ಮೈಸೂರಿನವಳು, ಹೇವರ್ಡಿಗೆ ಹತ್ತಿರದ ನೆವಾರ್ಕಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ; ಕನ್ನಡ ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತಾಳೆ. "ಹೋಗಿ ನೋಡ್ಕೊಂಡು ಬಾರೇ ಶೈಲಾ, ನಾನು ಎರಡೂ ಕಡೆ ನೋಡ್ಕೋತೀನಿ," ಎಂದಳು. ಟಾಡ್ ಬೆರಳು ಅಲ್ಲಾಡಿಸಿದ. ಹಾಫ್‌ಟೈಮಿನಲ್ಲಿ ಯಾರೂ ಕಿಟಕಿ ಬಿಡಬಾರದು.

ಆ ಸಂಜೆ ಆನಂದ ಹೆಮ್ಮೆಯಿಂದ ಫೋನ್ ಹಿಡಿದು, "ನೋಡ, ಪೂರಾ ವಿಡಿಯೋ ಮಾಡೇನಿ," ಎಂದರು. ನೋಡಿದೆ. ಕೊನೆಯವರೆಗೂ ನೋಡಿದೆ. ಅವರು ಚಿತ್ರ ತೆಗೆದದ್ದು ಬೇರೆ ಯಾರದೋ ಮಗಳನ್ನು. ಎಲ್ಲರದೂ ಒಂದೇ ಟೋಪಿ, ಒಂದೇ ಕೋಟು. ತಮ್ಮ ಮಗಳು ಯಾವ ಕಡೆ ನಡೆದಳೆಂದೇ ಇವರಿಗೆ ಗೊತ್ತಾಗಿರಲಿಲ್ಲ. ಆಮೇಲೆ ಯಾರಾದರೂ ನನಗೆ "ವಿಡಿಯೋ ಇದೆಯಲ್ಲ" ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಹಾಗೆ ಹೇಳಿದವರು ಒಬ್ಬಿಬ್ಬರಲ್ಲ.

ಅಕ್ಟೋಬರಿನಲ್ಲಿ ಇನ್ನೊಂದು ಕಾಟ ಶುರುವಾಯಿತು. ಹಾಫ್‌ಟೈಮಿನಲ್ಲಿ ಇಡೀ ಸ್ಟೇಡಿಯಮ್ಮು ಒಟ್ಟಿಗೆ ಫೋನು ತೆಗೆಯುತ್ತಿತ್ತು. ನೆಟ್‌ವರ್ಕು ಉಸಿರುಗಟ್ಟಿ ನಮ್ಮ ಟ್ಯಾಬ್ಲೆಟ್ಟಿನ ಮೇಲೆ ಒಂದು ಚಕ್ರ ಗಿರ್ರನೆ ತಿರುಗುತ್ತ ನಿಲ್ಲುತ್ತಿತ್ತು. ಜನ ನೋಟು ಹಿಡಿದು ಕೈ ಚಾಚುತ್ತಿದ್ದರು, ನೋಟು ಮುಟ್ಟುವ ಹಾಗಿಲ್ಲ. ಎಲ್ಲ ಕಾರ್ಡಿನಲ್ಲೇ. ಚಕ್ರ ತಿರುಗುತ್ತಿತ್ತು, ಜನ ನಮ್ಮನ್ನು ಬಯ್ಯುತ್ತಿದ್ದರು, ನಾವು ಸಾರಿ ಹೇಳುತ್ತಿದ್ದೆವು. ಒಬ್ಬಳಂತೂ ನಿಮ್ಮ ದೇಶದಲ್ಲಿ ಹೀಗೇ ಏನು ಎಂದು ಕೇಳಿಬಿಟ್ಟಳು. ನಮ್ಮ ದೇಶದಲ್ಲಿ ಹೀಗಲ್ಲ ತಾಯಿ, ನಮ್ಮ ದೇಶದಲ್ಲಿ ಹಸಿದವನ ಮುಂದೆ ಹೀಗೆ ಚಕ್ರ ತಿರುಗಿಸುವುದಿಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಬರುವ ಆಟಕ್ಕಾದರೂ ಉಳಿದ ಕಿಟಕಿ ತೆರೆಯಿರಿ ಎಂದು ಟಾಡ್‌ನನ್ನು ಕೇಳಿದೆ. "ಐ ಹಿಯರ್ ಯು, ಶೈಲಾ," ಎಂದ. ಇಲ್ಲಿಯ ಆಫೀಸುಗಳಲ್ಲಿ ಆ ಮಾತಿಗೆ ಏನರ್ಥವೆಂದು ನನಗೆ ಗೊತ್ತು. ಕೇಳಿಸಿಕೊಂಡೆ, ಮಾಡುವುದಿಲ್ಲ ಎಂದು.

ನವೆಂಬರಿನಲ್ಲಿ ರಾಜ್ಯೋತ್ಸವದ ಊಟ ಬಂತು. ಫ್ರೀಮಾಂಟಿನ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ಪ್ರತಿ ವರ್ಷದಂತೆ ಪಂಕ್ತಿ ಊಟ. ಬಡಿಸುವವರು ಇದೇ ನಾವೇ: ನಾನು, ನಜ್ಮಾ, ಗುರುರಾಜ್, ಕೌಂಟರಿನಲ್ಲಿ ಬಯ್ಯಿಸಿಕೊಳ್ಳುವ ಅದೇ ಎಂಟು ಜನ. ಕಾಗದದ ಎಲೆ ಹಾಸಿದ್ದೇ ತಡ, ಉಪ್ಪಿನಕಾಯಿ ಒಬ್ಬರು, ಕೋಸಂಬರಿ ಒಬ್ಬರು, ಪಲ್ಯ ಒಬ್ಬರು, ಬಿಸಿಬೇಳೆಬಾತ್ ಇಬ್ಬರು. ಒಬ್ಬರ ಕೈಯಲ್ಲಿ ಒಂದೇ ಪದಾರ್ಥ. ಬಡಿಸುವವರು ಅಡುಗೆಮನೆಗೆ ತಿರುಗುವುದಿಲ್ಲ. ಬಕೆಟ್ಟು ಖಾಲಿಯಾದರೆ ತುಂಬಿದ ಬಕೆಟ್ಟು ಅವರಿದ್ದಲ್ಲಿಗೇ ಬರುತ್ತದೆ. ಕೂತವರು ಏಳುವುದಿಲ್ಲ, ಊಟವೇ ಅವರ ಬಳಿಗೆ ನಡೆದು ಬರುತ್ತದೆ. ಆ ಸಭಾಂಗಣದ ಜನ ಮಾತು ಶುರುಮಾಡುವಷ್ಟರಲ್ಲಿ ಎಲೆ ತುಂಬಿತ್ತು. ಇದನ್ನು ಯಾರೂ ನಮಗೆ ಕಲಿಸಿಲ್ಲ. ಮದುವೆಮನೆಗಳಲ್ಲಿ ಕೈಗೆ ನೀರಿನ ಜಗ್ಗು ಕೊಟ್ಟ ದಿನದಿಂದ ಬಂದದ್ದು.

"ನೋಡಿ ಮೇಡಂ, ಎಷ್ಟು ಸ್ಮೂತಾಗಿ ಮುಗೀತು," ಎಂದು ಗುರುರಾಜ್ ಕೈ ಒರೆಸಿಕೊಂಡರು.

"ಹಂಗಾರ ಸ್ಟೇಡಿಯಮ್ಮಿನ್ಯಾಗ ಯಾಕ ಹಿಂಗ ಬಡಸಬಾರದ್ರೀ?"

"ಅಲ್ಲಿ ಪ್ರೊಸೆಸ್ಸು ಅವ್ರದು ಮೇಡಂ."

ಕೊನೆಯ ಆಟ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹತ್ತಿರದ ಶನಿವಾರ. ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಗೌರವಿಸುವ ದಿನ. ಹಿಂದಿನ ವಾರ ಮೇಘನಾ ಫೋನು ಮಾಡಿದಳು. "ಅಮ್ಮಾ, ಐ ಗಾಟ್ ದಿ ಸೋಲೋ. ಜಸ್ಟ್ ಮಿ. ಎವ್ರಿಬಡಿ ಎಲ್ಸ್ ಸ್ಟಾಪ್ಸ್," ಎಂದಳು. ಆಮೇಲೆ, "ದಿಸ್ ಟೈಮ್ ಯು ಹ್ಯಾವ್ ಟು ಸೀ ಇಟ್," ಎಂದಳು. ನಾನು ಟಿಕೆಟ್ ತೆಗೆದುಕೊಂಡು ಆನಂದರ ಪಕ್ಕದಲ್ಲೇ ಕೂರುವುದೆಂದು ಹಟ ಹಿಡಿದೆ. ಕೌಂಟರಿಗೆ ನನ್ನ ಬದಲು ಬೇರೊಬ್ಬರು ಒಪ್ಪಿಯೂ ಇದ್ದರು. ಆದರೆ ನಮ್ಮ ಎಂಟು ಜನರಲ್ಲಿ ಇಬ್ಬರು ಜ್ವರ ಬಂದು ಮಲಗಿದರು. ಗುರುರಾಜ್ ಮನೆಗೇ ಬಂದರು. ಜನ ಕಡಿಮೆಯಾದರೆ ಕೌಂಟರು ತೆರೆಯುವುದಿಲ್ಲ, ತೆರೆಯದಿದ್ದರೆ ಒಪ್ಪಂದ ಮುರಿದ ಹಾಗೆ, ಇಡೀ ಸೀಸನ್ನಿನ ದುಡಿಮೆ ನೀರಿನಲ್ಲಿ ಹೋಮ. ಬದಲಿಗೆ ಒಬ್ಬರನ್ನು ಹುಡುಕಿದ್ದಾರೆ, ಇನ್ನೊಬ್ಬರು ಸಿಗುತ್ತಿಲ್ಲ. ಆ ಮನುಷ್ಯ ಕೈ ಮುಗಿದುಬಿಟ್ಟರು.

ಒಂದು ಷರತ್ತು ಹಾಕಿದೆ: ಹಾಫ್‌ಟೈಮ್ ಬಂದ ಕೂಡಲೇ ನಾನು ಮೇಲೆ ಹೋಗುತ್ತೇನೆ. ಆಟದ ದಿನ ಬೆಳಿಗ್ಗೆ ಟಾಡ್ ಎಲ್ಲರೆದುರಿಗೇ ಒಪ್ಪಿದ. ಕೊರಳಲ್ಲಿ ಕೆಲಸದವರ ಬ್ಯಾಡ್ಜು ಇದ್ದರೆ ಗ್ಯಾಲರಿಯ ಬಾಗಿಲಲ್ಲಿ ನಿಂತು ನೋಡಬಹುದು ಎಂದೂ ಅವನೇ ಹೇಳಿದ.

ಅಂದು ಸಣ್ಣಗೆ ಹಿಡಿದ ಮಳೆ, ಕೊಲ್ಲಿಯ ಕಡೆಯಿಂದ ಬರುವ ಚಳಿಗಾಳಿ. ಎಲ್ಲರಿಗೂ ಬೇಕಾದದ್ದು ಒಂದೇ, ಬಿಸಿ ಚಾಕೊಲೇಟು. ಮೊದಲರ್ಧ ಮುಗಿಯುವ ಹೊತ್ತಿಗೆ ಸಾಲಿನ ಕೊನೆ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಏಪ್ರನ್ನಿನ ಗಂಟು ಬಿಚ್ಚುತ್ತಿದ್ದೆ. ಆಗಲೇ ಎರಡೂ ಟ್ಯಾಬ್ಲೆಟ್ಟುಗಳ ಮೇಲೆ ಚಕ್ರ ತಿರುಗಿ ನಿಂತುಬಿಟ್ಟಿತು.

ಟಾಡ್ ಓಡಿ ಬಂದ. ಕಾರ್ಡು ಹೋಗದೆ ಒಂದು ಲೋಟವೂ ಕಿಟಕಿ ದಾಟಬಾರದು ಎಂದ. ಯಾರೂ ಜಾಗ ಬಿಡಬಾರದು ಎಂದ. "ನೀನು ಮಾತು ಕೊಟ್ಟಿದ್ದೀಯ," ಎಂದೆ. "ಸಿಸ್ಟಮ್ ಡೌನ್ ಆಗಿದೆ, ಶೈಲಾ. ಸಾಲು ಕರಗಲಿ, ಆಮೇಲೆ ಹೋಗು," ಎಂದ. ಕೊಡಬಾರದು, ಬಿಟ್ಟು ಹೋಗಲೂಬಾರದು. ಹಾಗಾದರೆ ಆ ಸಾಲು ಕರಗುವುದು ಹೇಗೆ, ಮಳೆಗೆ ನೆನೆದೇ?

ನನ್ನ ಕಿಟಕಿಯ ಮುಂದೆ ಒಬ್ಬ ಗಡ್ಡದ ಮನುಷ್ಯ ನಿಂತಿದ್ದ. ಮೊದಲರ್ಧದ ಮುಕ್ಕಾಲು ಪಾಲು ಸಾಲಿನಲ್ಲೇ ಕಳೆದಿದ್ದನಂತೆ. ಅವನು ಬಯ್ಯಲಿಲ್ಲ. "ನನ್ನ ಮಗ ಬ್ಯಾಂಡಿನಲ್ಲಿ ಡ್ರಮ್ಮು. ಇವತ್ತು ಅವನ ಕೊನೆಯದು. ನನ್ನ ತಾಯಿ ಮೇಲೆ ಚಳಿಯಲ್ಲಿ ಕೂತಿದ್ದಾಳೆ. ಖಾಲಿ ಕೈಯಲ್ಲಿ ಹೇಗೆ ಹೋಗಲಿ?" ಎಂದು ಮೆಲ್ಲಗೆ ಹೇಳಿದ. ಅವನ ಕಣ್ಣು ಪದೇಪದೇ ಮೇಲಿನ ಬಾಗಿಲ ಕಡೆಗೆ ಹೋಗುತ್ತಿತ್ತು. ನನ್ನದೂ ಹಾಗೇ ಹೋಗುತ್ತಿತ್ತು. ಮೇಲೆ ಧ್ವನಿವರ್ಧಕದಲ್ಲಿ ಬ್ಯಾಂಡಿನ ಹೆಸರು ಕೂಗಿದರು.

ಅಲ್ಲಿಗೆ ನನ್ನ ತಾಳ್ಮೆ ಕಿತ್ತುಹೋಯಿತು.

"ನಜ್ಮಾ," ಎಂದೆ. "ಪಂಕ್ತಿ."

ನಜ್ಮಾ ಒಂದು ಕ್ಷಣ ನನ್ನ ಮುಖ ನೋಡಿದಳು. "ಯಾ ಅಲ್ಲಾ," ಎಂದಳು. ಮರುಕ್ಷಣವೇ ಲೋಟಗಳ ಗೋಪುರ ಕೆಳಗಿಳಿಸಿದಳು. ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಒಬ್ಬರು ಲೋಟ ಹಿಡಿದರು, ಒಬ್ಬರು ಚಾಕೊಲೇಟು ತುಂಬಿದರು, ಒಬ್ಬರು ಮುಚ್ಚಳ ಹಾಕಿ ಟ್ರೇಗೆ ಇಟ್ಟರು. ನಾನೂ ನಜ್ಮಾಳೂ ಪಕ್ಕದ ಬಾಗಿಲು ಒದ್ದು ತೆರೆದು ಟ್ರೇ ಹಿಡಿದು ಸಾಲಿಗೆ ಇಳಿದೆವು, ಅವಳು ಎಡಕ್ಕೆ, ನಾನು ಬಲಕ್ಕೆ. ಟ್ರೇ ಖಾಲಿಯಾಗುವ ಮೊದಲೇ ತುಂಬಿದ ಟ್ರೇ ಬೆನ್ನ ಹಿಂದೆ ಬರುತ್ತಿತ್ತು. ತಿರುಗಿ ನೋಡಿದರೆ ತಂದವರು ಗುರುರಾಜ್! ಮುಖ ಬಿಳಿಚಿಕೊಂಡಿತ್ತು, ಬಾಯಲ್ಲಿ "ತಪ್ಪು ಮೇಡಂ, ಇದು ತುಂಬಾ ತಪ್ಪು" ಎಂದು ಜಪ, ಕೈ ಮಾತ್ರ ನಿಲ್ಲಲಿಲ್ಲ. ಜನರಿಗೆ ಮೊದಲು ಅರ್ಥವಾಗಲಿಲ್ಲ. ಕಾರ್ಡು ಚಾಚಿದರು, ನಾನು ಬೇಡವೆಂದು ತಲೆಯಾಡಿಸಿ ಲೋಟ ಕೈಗಿಟ್ಟು ಮುಂದೆ ನಡೆದೆ. ಗಡ್ಡದವನಿಗೆ ಮೂರು ಲೋಟ ಕೊಟ್ಟೆ. ನೋಡನೋಡುತ್ತಿದ್ದಂತೆ ಕಂಬ ಸುತ್ತಿದ್ದ ಸಾಲು ಬಿಚ್ಚಿಕೊಂಡು, ಜನ ಲೋಟ ಹಿಡಿದು ಮೇಲಕ್ಕೆ ಓಡಿದರು. ಆ ಇಡೀ ಸೀಸನ್ನಿನಲ್ಲಿ ಆ ನೆಲ ಖಾಲಿಯಾಗಿ ಕಂಡದ್ದು ಅದೇ ಮೊದಲು.

ಟಾಡ್‌ನ ನಗು ಅಂದು ಮೊದಲ ಸಲ ಮಾಯವಾಗಿತ್ತು. ಕಳ್ಳತನ ಎಂಬ ಶಬ್ದ ಬಳಸಿದ. ನಾನೂ ಸುಮ್ಮನಿರಲಿಲ್ಲ, ಈ ಜನರ ಇಡೀ ದಿನ ಕದ್ದವರು ಯಾರು ಎಂದು ಕೇಳಿದೆ, ಇನ್ನೂ ಏನೇನೋ ಕೇಳಿದೆ, ಅರ್ಧ ಹುಬ್ಬಳ್ಳಿಯ ಭಾಷೆಯಲ್ಲೇ ಕೇಳಿದೆ. ಅವನು ನನ್ನ ಕೊರಳಿನ ಬ್ಯಾಡ್ಜು ಬಿಚ್ಚಿಸಿಕೊಂಡು ಹೊರಗೆ ಹೋಗು ಎಂದ. ಮುಂದಿನ ವರ್ಷದಿಂದ ಕನ್ನಡ ಶಾಲೆಗೆ ಆ ಕೌಂಟರು ಸಿಗಲಿಲ್ಲ. ಈಗ ತರಗತಿ ನಡೆಯುವುದು ನಜ್ಮಾಳ ಗ್ಯಾರೇಜಿನಲ್ಲಿ. ಅದರ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ನಾನು ಇಳಿಜಾರು ಹತ್ತಿ ಓಡಿದೆ. ಚಾಕೊಲೇಟು ಮೆತ್ತಿದ ಏಪ್ರನ್ನು ಮೈಮೇಲೇ ಇತ್ತು. ಗ್ಯಾಲರಿಯ ಬಾಗಿಲಲ್ಲಿ ಹಳದಿ ರೇನ್‌ಕೋಟಿನ ಕಾವಲುಗಾರ ಕೈ ಅಡ್ಡ ಹಿಡಿದ. ಟಿಕೆಟ್ಟು? ಇಲ್ಲ. ಬ್ಯಾಡ್ಜು? ಇಲ್ಲ. ನನ್ನ ಮಗಳು ಒಳಗೆ ಊದುತ್ತಿದ್ದಾಳೆ ಎಂದೆ. "ಎಲ್ಲರೂ ಹಾಗೇ ಹೇಳುತ್ತಾರೆ, ಮ್ಯಾಮ್," ಎಂದ. ನನ್ನ ಪಕ್ಕದಿಂದ, ಇಳಿಜಾರಿನ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡಿದ್ದ ಗಡ್ಡದವನು ಮೂರು ಲೋಟ ಎದೆಗೆ ಒತ್ತಿಕೊಂಡು ಬಂದು, ಟಿಕೆಟ್ಟು ತೋರಿಸಿ, "ಥ್ಯಾಂಕ್ ಯು, ಯು ಸೇವ್ಡ್ ಅಸ್!" ಎಂದು ನನಗೆ ಹೇಳುತ್ತಲೇ ಒಳಗೆ ಹೋದ. ಅವನ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಇನ್ನೊಂದು ಕುಟುಂಬ. ಎಲ್ಲರ ಕೈಯಲ್ಲೂ ನಾನು ಕೊಟ್ಟ ಲೋಟಗಳು.

ಅಷ್ಟರಲ್ಲಿ ಬ್ಯಾಂಡೆಲ್ಲ ಒಮ್ಮೆಲೇ ನಿಂತಿತು. ಒಂದೇ ಟ್ರಂಪೆಟ್ ಎದ್ದಿತು. ಮೊದಲು ತುಸು ನಡುಗಿ, ಆಮೇಲೆ ಗಟ್ಟಿಯಾಗಿ, ಮಳೆಯನ್ನೂ ಲೆಕ್ಕಿಸದೆ ಮೇಲೇರಿ ಹೋಯಿತು. ಅವಳು ಮೂರನೆಯ ತರಗತಿಯಿಂದ ನಮ್ಮ ಗ್ಯಾರೇಜಿನಲ್ಲಿ ಊದುವುದನ್ನು ಕೇಳಿದ ಕಿವಿ ಇದು, ನನಗೆ ಗೊತ್ತಾಗದೇ? ಕಾವಲುಗಾರನ ಭುಜದ ಮೇಲಿಂದ ಇಣುಕಿದೆ, ಕಂಕುಳ ಸಂದಿಯಿಂದ ಇಣುಕಿದೆ. ಕಂಡದ್ದು ಎದ್ದು ನಿಂತವರ ಬೆನ್ನು. ಜನ ಕೇಕೆ ಹಾಕಿದರು, ಮುಗಿಯಿತು.

ಆಟ ಮುಗಿದ ಮೇಲೆ ಬ್ಯಾಂಡಿನ ಬಸ್ಸಿನ ಹತ್ತಿರ ಕಾದು ನಿಂತೆವು. ಮೇಘನಾ ಒದ್ದೆ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಓಡಿ ಬಂದಳು. ಮುಖವೆಲ್ಲ ಕೆಂಪು, ಕಣ್ಣು ಹೊಳೆಯುತ್ತಿದ್ದವು.

"ಅಮ್ಮಾ! ಡಿಡ್ ಯು ಸೀ?"

"ಇಲ್ಲ ಪುಟ್ಟಿ," ಎಂದೆ. "ಕೇಳಿಸ್ತು. ಕಾಣಲಿಲ್ಲ."

ಆನಂದ ನಡುವೆ ಬಾಯಿ ಹಾಕಿ, "ನಿಮ್ಮಮ್ಮ ಏನ ಮಾಡ್ಯಾಳ ಗೊತ್ತೈತೇನು? ಇಡೀ ಸಾಲಿಗೆ ಬಡಿಸಿ ಬಂದಾಳ!" ಎಂದು ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದರು. ನಜ್ಮಾ ನಕ್ಕಳು. ಗುರುರಾಜ್ ಕೂಡ ನಕ್ಕರು. ನನಗೂ ಆ ಕ್ಷಣ ಒಂದು ಹೆಮ್ಮೆ ಬಂದದ್ದು ನಿಜ. ಎಷ್ಟು ಜನ ಆ ಸಾಲಿನಿಂದ ಬಿಡಿಸಿಕೊಂಡು ಹೋಗಿ ನಿನ್ನನ್ನು ನೋಡಿದರು ಗೊತ್ತೇ ಎಂದು ಹೇಳಲು ಬಾಯಿ ತೆರೆದೆ.

ಮೇಘನಾ ನಗಲಿಲ್ಲ. ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಒದ್ದೆ ನೆಲದ ಮೇಲೆ ಇಟ್ಟಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಇವಳಂಥ ಮಕ್ಕಳ ಬಾಯಲ್ಲಿ ನಾಲ್ಕು ಕನ್ನಡ ಮಾತು ಬರಲಿ ಎಂದೇ ಅಲ್ಲವೇ ನಾವೆಲ್ಲ ಆ ಗುಹೆಯಲ್ಲಿ ನಿಂತದ್ದು? ಅಂದು ಅವಳು ಒಂದೊಂದೇ ಶಬ್ದ ಹುಡುಕಿಕೊಂಡು, ನನಗೆ ತಪ್ಪದೆ ಅರ್ಥವಾಗಲಿ ಎಂದು, ಕನ್ನಡದಲ್ಲೇ ಹೇಳಿದಳು.

"ಅವ್ರು ನಿಂತ್ಕೊಳ್ಲಿ ಅಮ್ಮಾ. ಅವ್ರು ಎಲ್ಲಾ ನಿಂತ್ಕೊಳ್ಲಿ. ನೀನು ಬರ್ಬೇಕಿತ್ತು."